ಮೈಸೂರಿನ ಸರಕಿಗೆ ಹ್ಯಾಂಬರ್ಗಿನಲ್ಲೊಬ್ಬ ಪರಿಚಯಸ್ಥ

1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅದರ ಬಿಸಿ ಮೈಸೂರು ಸಂಸ್ಥಾನದ ಗಂಧದ ಕೋಠಿಗಳಿಗೂ ತಟ್ಟಿತು. ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಕಾಲದಿಂದ ಆ ಮರ ಸರ್ಕಾರದ ಸೊತ್ತು. ಕಾಡಿನಿಂದ ತಂದ ಮರವನ್ನು ಕೋಠಿಯಲ್ಲಿ ದರ್ಜೆವಾರು ಒಟ್ಟಿ ಹರಾಜು ಹಾಕುತ್ತಿದ್ದರು. ಹರಾಜಿನಲ್ಲಿ ಹೋದ ಮರದ ದೊಡ್ಡ ಪಾಲು ಹಡಗು ಹತ್ತಿ ಜರ್ಮನಿ ಸೇರುತ್ತಿತ್ತು. ಎಣ್ಣೆ ಇಳಿಯುತ್ತಿದ್ದುದು ಅಲ್ಲಿನ ಭಟ್ಟಿಗಳಲ್ಲಿ, ಲಾಭ ನಿಲ್ಲುತ್ತಿದ್ದುದೂ ಅಲ್ಲೇ. ಜರ್ಮನಿ ಶತ್ರುರಾಷ್ಟ್ರವಾದದ್ದೇ ತಡ, ಕೊಳ್ಳುವವರು ಕಾಣೆಯಾದರು. ಮರ ಕೋಠಿಯಲ್ಲೇ ಉಳಿಯಿತು.

ಆಮೇಲಿನ ಕಥೆ ಮೈಸೂರಿನವರಿಗೆ ಗೊತ್ತಿರುವಂಥದ್ದು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರೂ ಕೈಗಾರಿಕಾ ಇಲಾಖೆಯ ನಿರ್ದೇಶಕ ಆಲ್‌ಫ್ರೆಡ್ ಚಾಟರ್ಟನ್ ಅವರೂ ಎಣ್ಣೆಯನ್ನು ಇಲ್ಲೇ ಇಳಿಸುವ ನಿರ್ಧಾರ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಭಟ್ಟಿ ಇಳಿಸುವ ವಿಧಾನ ಕಂಡುಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಎದ್ದಿತು. ಎಸ್.ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನು ಮತ್ತು ಸುಗಂಧದ ವಿದ್ಯೆ ಕಲಿತು ಬಂದರು; ಮೈಸೂರ್ ಸ್ಯಾಂಡಲ್ ಸೋಪು ಹುಟ್ಟಿತು.

ಇದನ್ನು ನಾವು ಸ್ವದೇಶಿ ಕೈಗಾರಿಕೆಯ ಗೆಲುವೆಂದು ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದದ್ದೇ. ಆದರೆ ಎಣ್ಣೆ ಇಳಿಸುವುದು ಅರ್ಧ ಕೆಲಸ, ಉಳಿದರ್ಧ ಮಾರುವುದು. ಗಂಧದೆಣ್ಣೆ ಆಗ ಬ್ರಿಟಿಷ್ ಫಾರ್ಮಕೋಪಿಯಾದಲ್ಲಿದ್ದ ಔಷಧದ್ರವ್ಯ. ಅದಕ್ಕೆ ಇಷ್ಟೇ ಸಾಂದ್ರತೆ, ಇಷ್ಟೇ ಶುದ್ಧತೆ ಎಂಬ ಕಟ್ಟಳೆಯಿತ್ತು. ಜರ್ಮನಿಯ ಎಣ್ಣೆಗೆ ಒಗ್ಗಿದ್ದ ಲಂಡನ್ನಿನ ವ್ಯಾಪಾರಿಗೆ ಮೈಸೂರಿನ ಡಬ್ಬಿ ತೋರಿಸಿ ‘ಇದೂ ಅಷ್ಟೇ ಒಳ್ಳೆಯದು’ ಎಂದು ನಂಬಿಸಬೇಕಿತ್ತು. ಅಲ್ಲಿ ನಮ್ಮ ಪರವಾಗಿ ಮಾತಾಡುವ ಒಬ್ಬ ಮನುಷ್ಯ ಬೇಕಿತ್ತು. ಮುಂದೆ ಮೈಸೂರು ಸಂಸ್ಥಾನ ಲಂಡನ್ನಿನಲ್ಲಿ ತನ್ನದೇ ಟ್ರೇಡ್ ಕಮಿಷನರರನ್ನು ಇಟ್ಟಿತು. ವಿದೇಶಾಂಗ ವ್ಯವಹಾರದಲ್ಲಿ ಸ್ವಂತ ಅಧಿಕಾರವೇ ಇಲ್ಲದಿದ್ದ ಒಂದು ದೇಶೀ ಸಂಸ್ಥಾನ ವ್ಯಾಪಾರದ ಮಟ್ಟಿಗೆ ಸಮುದ್ರದಾಚೆ ತನ್ನ ಕಚೇರಿ ತೆರೆದದ್ದು ಸಣ್ಣ ಮಾತಲ್ಲ. ಗಂಧದೆಣ್ಣೆಯ ಕಾರ್ಖಾನೆ ಶುರುವಾದ ಅದೇ 1916ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷರು ಡಬ್ಲ್ಯು.ಸಿ. ರೋಸ್. ಇಂದಿನ ಎಫ್‌ಕೆಸಿಸಿಐ ಅದೇ ಮಂಡಳಿ.

ಈ ಹಳೆಯ ಸಂಗತಿಗಳನ್ನು ಈಗ ಎತ್ತಲು ಕಾರಣವಿದೆ. ಪರದೇಶದಲ್ಲಿ ನಮ್ಮ ಸರಕಿನ ಪರವಾಗಿ ನಿಲ್ಲುವವರು ಬೇಕೆಂಬುದನ್ನು ನೂರು ವರ್ಷದ ಹಿಂದೆಯೇ ಅರಿತಿದ್ದ ಊರು ನಮ್ಮದು. ಇಂದು ಮೈಸೂರಿನ ಸಣ್ಣ ಉದ್ಯಮಿಗೆ ಅಂಥವರು ಸಿಗುತ್ತಾರೆಯೇ? ಸಿಗುತ್ತಾರೆ. ದ್ವಿಪಕ್ಷೀಯ ವಾಣಿಜ್ಯ ಮಂಡಳಿ, ಎಂದರೆ ಎರಡು ದೇಶಗಳ ವ್ಯಾಪಾರಿಗಳು ಸೇರಿ ಕಟ್ಟಿಕೊಂಡ ಚೇಂಬರ್, ಇರುವುದೇ ಅದಕ್ಕೆ. ಆದರೆ ಆ ಬಾಗಿಲು ನಮ್ಮ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಯ ಸಣ್ಣ ಶೆಡ್ಡುಗಳಿಂದ ಬಹಳ ದೂರದಲ್ಲಿದೆ.

ವ್ಯಾಪಾರಿಗಳ ಮಂಡಳಿ ಹಳೆಯ ಕಲ್ಪನೆ. ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ 1599ರಲ್ಲೇ ಅಂಥದೊಂದು ಇತ್ತು. ಕಲ್ಕತ್ತೆಯಲ್ಲಿ 1834ರಲ್ಲಿ, ಬೊಂಬಾಯಿ ಮತ್ತು ಮದರಾಸುಗಳಲ್ಲಿ 1836ರಲ್ಲಿ ಮಂಡಳಿಗಳಾದವು. ಇವೆಲ್ಲ ಆಯಾ ಊರಿನ ವ್ಯಾಪಾರಿಗಳ ಸಂಘಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೇರೆ ಬಗೆಯ ಮಂಡಳಿ ಕಾಣಿಸಿಕೊಂಡಿತು. ಪರದೇಶದಲ್ಲಿ ನೆಲೆಸಿದ ವರ್ತಕರು ಅಲ್ಲಿನ ವರ್ತಕರನ್ನೂ ಸೇರಿಸಿಕೊಂಡು ಎರಡು ದೇಶಗಳ ನಡುವೆ ಕೂತರು. ಜರ್ಮನ್ನರು ಹೊರದೇಶದಲ್ಲಿ ಇಂಥ ಮೊದಲ ಮಂಡಳಿಯನ್ನು 1894ರಲ್ಲಿ ಬ್ರಸೆಲ್ಸಿನಲ್ಲಿ ತೆರೆದರು. ಸ್ವತಂತ್ರ ಭಾರತದಲ್ಲಿ 1956ರಲ್ಲಿ ಬೊಂಬಾಯಿಯಲ್ಲಿ ಇಂಡೋ-ಜರ್ಮನ್ ಚೇಂಬರ್ ಆಫ್ ಕಾಮರ್ಸ್ ಹುಟ್ಟಿತು. 1966ರಲ್ಲಿ ಇಂಡೋ-ಇಟಾಲಿಯನ್, 1968ರಲ್ಲಿ ಇಂಡೋ-ಅಮೆರಿಕನ್, 1977ರಲ್ಲಿ ಇಂಡೋ-ಫ್ರೆಂಚ್ ಚೇಂಬರುಗಳು ಬಂದವು. ಜಪಾನಿನೊಂದಿಗೂ ಸ್ವಿಟ್ಜರ್ಲೆಂಡಿನೊಂದಿಗೂ ಹೀಗೆಯೇ ಉಂಟು. ಇಂಡೋ-ಜರ್ಮನ್ ಚೇಂಬರಿಗೆ ಬೆಂಗಳೂರಿನಲ್ಲೂ ಕಚೇರಿಯಿದೆ, ಜರ್ಮನಿಯ ಡ್ಯುಸೆಲ್‌ಡಾರ್ಫಿನಲ್ಲೂ ಇದೆ. ಇದರ ಬಲವಿರುವುದೇ ಎರಡೂ ದಡದಲ್ಲಿ ಕಾಲಿಟ್ಟು ನಿಂತಿರುವುದರಲ್ಲಿ.

ಚೇಂಬರ್ ರಾಯಭಾರ ಕಚೇರಿಯಲ್ಲ. ಸರ್ಕಾರಗಳು ಒಪ್ಪಂದ ಮಾಡುತ್ತವೆ, ಸುಂಕ ಗೊತ್ತುಮಾಡುತ್ತವೆ. ಆ ಒಪ್ಪಂದದ ಕಾಗದ ಒಬ್ಬ ವ್ಯಾಪಾರಿಯ ಲೆಕ್ಕಪುಸ್ತಕಕ್ಕೆ ಇಳಿಯುವಷ್ಟರಲ್ಲಿ ನೂರು ಸಣ್ಣ ಪ್ರಶ್ನೆ ಏಳುತ್ತವೆ. ಕೊಳ್ಳುವವನು ಎಂಥವನು? ಅವನ ಕಂಪನಿ ನಿಜಕ್ಕೂ ಇದೆಯೇ? ಹಿಂದೆ ಯಾರಿಗಾದರೂ ಹಣ ಬಾಕಿ ಉಳಿಸಿಕೊಂಡಿದ್ದಾನೆಯೇ? ಹೆಣ್ಣು ಕೊಡುವ ಮುಂಚೆ ಆ ಊರಿನಲ್ಲಿರುವ ನೆಂಟರಿಂದ ಮನೆತನ ವಿಚಾರಿಸಿಕೊಳ್ಳುವ ಹಾಗೆ, ಇವನ್ನೆಲ್ಲ ಅಲ್ಲೇ ಇರುವ, ಅಲ್ಲಿಯ ಭಾಷೆ ಬಲ್ಲ ಒಬ್ಬರಿಂದ ಕೇಳಿ ತಿಳಿಯಬೇಕು. ಚೇಂಬರ್ ಮಾಡುವ ಮೊದಲ ಕೆಲಸ ಅದು.

ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಊದುಬತ್ತಿ ಮಾಡುವ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳಿ. ಊದುಬತ್ತಿ ಮೈಸೂರಿನ ಹೆಸರಿಗೆ ಅಂಟಿಕೊಂಡ ಸರಕು. ಎನ್. ರಂಗರಾಯರು 1948ರಲ್ಲಿ ಇಲ್ಲಿ ಶುರುಮಾಡಿದ ಸೈಕಲ್ ಬ್ರ್ಯಾಂಡ್ ಇಂದು ಹತ್ತಾರು ದೇಶಗಳಿಗೆ ಹೋಗುತ್ತದೆ. ‘ಮೈಸೂರು ಅಗರಬತ್ತಿ’ಗೆ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ. ಮನೆಯಲ್ಲೇ ಕೂತು ಬತ್ತಿ ಹೊಸೆದು ಸಂಸಾರ ತೂಗಿಸಿದ ಹೆಂಗಸರು ಮೈಸೂರಿನ ಎಷ್ಟೋ ಮೊಹಲ್ಲಾಗಳಲ್ಲಿದ್ದಾರೆ. ಈ ಘಟಕಕ್ಕೆ ಹ್ಯಾಂಬರ್ಗಿನ ಅಂಗಡಿಯೊಂದರಿಂದ ‘ಸ್ಯಾಂಪಲ್ ಕಳಿಸಿ’ ಎಂಬ ಇಮೇಲ್ ಬರುತ್ತದೆ. ಮಾಲೀಕರಿಗೆ ಸಂತೋಷ. ರಫ್ತಿಗೆ ಬೇಕಾದ ಐಇಸಿ ಸಂಖ್ಯೆ ಇದೆ, ಬ್ಯಾಂಕಿನ ಎಡಿ ಕೋಡ್ ಇದೆ, ಕ್ಲಿಯರಿಂಗ್ ಏಜೆಂಟರೂ ಗೊತ್ತು. ಕಷ್ಟ ಶುರುವಾಗುವುದು ಸರಕು ಆ ದಡ ಮುಟ್ಟಿದ ಮೇಲೆ.

ಉರಿಸುವ ಸುಗಂಧವಸ್ತುಗಳ ಹೊಗೆಯ ಸುರಕ್ಷತೆಯ ಬಗ್ಗೆ ಯುರೋಪು 2015ರಲ್ಲಿ ಇಎನ್ 16738ರಿಂದ 16740ರವರೆಗೆ ಮೂರು ಮಾನಕಗಳನ್ನು ತಂದಿತು. ಸುಗಂಧದಲ್ಲಿ ಲಿನಲೂಲ್, ಲಿಮೋನೀನ್‌ನಂಥ ಅಂಶ ನಿಗದಿತ ಮಿತಿ ದಾಟಿದರೆ ‘ಅಲರ್ಜಿ ಉಂಟುಮಾಡಬಹುದು’ ಎಂಬ ಎಚ್ಚರಿಕೆ ಪೊಟ್ಟಣದ ಮೇಲೆ ಬರಬೇಕು. ಅದೂ ಸರಕು ಮಾರಾಟವಾಗುವ ದೇಶದ ಭಾಷೆಯಲ್ಲಿ. ಅಪಾಯದ ಚಿಹ್ನೆ ಹಾಕಬೇಕಾದಲ್ಲಿ ಅದಕ್ಕೊಂದು ಗೊತ್ತಾದ ಆಕಾರ, ಗೊತ್ತಾದ ಅಳತೆ. ಇವು ನಮ್ಮ ಸರಕನ್ನು ತಡೆಯಲೆಂದೇ ಮಾಡಿದ ಕಟ್ಟಳೆಗಳಲ್ಲ, ಅಲ್ಲಿಯ ಮೇಣದಬತ್ತಿಯವನಿಗೂ ಇಂಥವೇ ಇವೆ. ಆದರೆ ಅವನಿಗೆ ಅವು ಹುಟ್ಟಿನಿಂದ ಗೊತ್ತು. ನಮ್ಮವರಿಗೆ ತಿಳಿಯುವುದು ಕಂಟೇನರ್ ಅಲ್ಲಿ ನಿಂತಾಗ. ಸರಕು ಹಿಂದಿರುಗಿದರೆ ಎರಡು ಸಾಗಣೆಯ ಖರ್ಚು, ಮೇಲೆ ಬಂದರಿನ ಬಾಡಿಗೆ. ಸಣ್ಣ ಘಟಕವೊಂದು ಅಷ್ಟಕ್ಕೇ ಮುಚ್ಚಿಹೋಗಬಹುದು. ಮೊದಲೇ ಚೇಂಬರಿಗೆ ಒಂದು ಪತ್ರ ಬರೆದಿದ್ದರೆ ಯಾವ ಪರೀಕ್ಷೆ ಬೇಕು, ಯಾವ ಪ್ರಯೋಗಾಲಯ ಮಾಡಿಕೊಡುತ್ತದೆ, ಲೇಬಲ್ಲಿನ ಜರ್ಮನ್ ಒಕ್ಕಣೆ ಏನು ಎಂಬುದೆಲ್ಲ ತಿಳಿಯುತ್ತಿತ್ತು.

ಇನ್ನೂ ಸೂಕ್ಷ್ಮವಾದ ಸಂಗತಿ ಸರಕಿನ ಮೂಲದ್ದು. ಮೈಸೂರಿನಲ್ಲಿ ಮಾಡಿದ ಬತ್ತಿ ಭಾರತದ್ದೇ ಅಲ್ಲವೇ ಎನ್ನಬಹುದು. ಸುಂಕದ ಕಾನೂನು ಅಷ್ಟು ಬೇಗ ಒಪ್ಪುವುದಿಲ್ಲ. ಬಿದಿರಿನ ಕಡ್ಡಿ ವಿಯೆಟ್ನಾಮಿನದೋ ಚೀನಾದ್ದೋ ಇರಬಹುದು, ಸುಗಂಧದ್ರವ್ಯ ಸ್ವಿಟ್ಜರ್ಲೆಂಡಿನದಿರಬಹುದು. ಕಡ್ಡಿ ತಂದು ಇಲ್ಲಿ ಇದ್ದಲ ಪುಡಿ, ಜಿಗಟು ಕಲಸಿ ಹೊಸೆದರೆ ಹೊಸ ಸರಕೇ ಹುಟ್ಟಿತು. ಹೊರಗಿನಿಂದ ಹೊಸೆದ ಬತ್ತಿಯನ್ನೇ ತಂದು ಇಲ್ಲಿ ಸುಗಂಧದಲ್ಲಿ ಅದ್ದಿದರೆ ಅದೇ ಮಾತು ಹೇಳಲಾಗದು. ಒಪ್ಪಂದದಿಂದ ಒಪ್ಪಂದಕ್ಕೆ ಈ ನಿಯಮ ಬೇರೆಯಾಗುತ್ತದೆ. 2019ರ ಆಗಸ್ಟಿನಲ್ಲಿ ಭಾರತ ಊದುಬತ್ತಿಯ ಆಮದಿಗೆ ನಿರ್ಬಂಧ ಹಾಕಿತು, 2020ರಲ್ಲಿ ಬಿದಿರು ಕಡ್ಡಿಯ ಮೇಲಿನ ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿತು. ಹೊಸೆಯುವ ಕೆಲಸ ಇಲ್ಲಿಯೇ ಉಳಿಯಲೆಂಬ ಉದ್ದೇಶ ಅದರಲ್ಲಿತ್ತು. ರಫ್ತಿನಲ್ಲಿ ಸುಂಕದ ರಿಯಾಯಿತಿ ಪಡೆಯಲೂ ಅದೇ ಹೊಸೆಯುವ ಕೆಲಸ ಆಧಾರವಾಗುತ್ತದೆಂಬುದು ಎಷ್ಟೋ ಮಾಲೀಕರಿಗೆ ತಿಳಿದಿಲ್ಲ. ಮೊಹಲ್ಲಾದ ಹೆಣ್ಣುಮಗಳ ಕೈಕೆಲಸ ದೂರದ ದೇಶದ ಸುಂಕದ ಕಟ್ಟೆಯಲ್ಲಿ ಬೆಲೆ ಪಡೆಯುವುದು ಹೀಗೆ. ಇದನ್ನು ತಿಳಿಸಿ ಹೇಳುವವರು ಬೇಕು.

ಸರಕಿನ ಮೂಲ ಇಂಥದ್ದೆಂದು ಪ್ರಮಾಣಪತ್ರ ಕೊಡುವ ಅಧಿಕಾರ ವಾಣಿಜ್ಯ ಮಂಡಳಿಗಳಿಗೆ ಬಂದದ್ದೂ ಹಳೆಯ ಕಥೆಯೇ. ಸುಂಕದ ವಿಧಿಗಳನ್ನು ಸರಳ ಮಾಡಲು 1923ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದ ಅದನ್ನು ಗುರುತಿಸಿತು. ನಮ್ಮಲ್ಲಿ ಸುಂಕದ ರಿಯಾಯಿತಿಗೆ ಸಂಬಂಧಿಸದ ಮೂಲ ಪ್ರಮಾಣಪತ್ರವನ್ನು ಎಫ್‌ಕೆಸಿಸಿಐಯಂಥ ಮಂಡಳಿಗಳು ಕೊಡುತ್ತವೆ; 2025ರ ಆರಂಭದಿಂದ ಅದೆಲ್ಲ ಕೇಂದ್ರದ ಆನ್‌ಲೈನ್ ವ್ಯವಸ್ಥೆಯ ಮೂಲಕ. ಕಾಗದದ ಕೆಲಸ ಹೀಗೆ ಕಂಪ್ಯೂಟರಿಗೆ ಹೋದಷ್ಟೂ ಚೇಂಬರಿನಲ್ಲಿ ಉಳಿಯುವುದು ತಿಳಿವಳಿಕೆಯ ಕೆಲಸ, ಮನುಷ್ಯರ ಕೆಲಸ. ಅದು ಒಳ್ಳೆಯದೇ.

ಬೀಟೆಯ ಮೇಲೆ ಇನ್‌ಲೇ ಮಾಡುವ ಮೈಸೂರಿನ ಕುಶಲಕರ್ಮಿಗಳು ಇಂಥ ಪೆಟ್ಟನ್ನು ಬೇರೊಂದು ದಿಕ್ಕಿನಿಂದ ತಿಂದರು. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ 2017ರ ಜನವರಿಯಲ್ಲಿ ಇಡೀ ಬೀಟೆ ಕುಲವೇ ಸೇರಿತು. ಅಂದಿನಿಂದ ಬೀಟೆಯ ವಸ್ತು ಹೊರದೇಶಕ್ಕೆ ಹೋಗಬೇಕಾದರೆ ಮರ ಎಲ್ಲಿಯದು, ಕಾನೂನಿನ ಪ್ರಕಾರ ಬಂದದ್ದೇ ಎಂಬ ದಾಖಲೆ ಬೇಕಾಯಿತು. ಕರಕುಶಲ ರಫ್ತು ಉತ್ತೇಜನ ಮಂಡಳಿ ‘ವೃಕ್ಷ’ ಎಂಬ ಪ್ರಮಾಣಪತ್ರದ ವ್ಯವಸ್ಥೆ ಮಾಡಿ ದಾರಿ ತೋರಿಸಿತು. ಕಾಡು ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೈಸೂರಿನ ಗಲ್ಲಿಯೊಂದರಲ್ಲಿ ಉಳಿ ಹಿಡಿದು ಕೂತ ಮನುಷ್ಯನಿಗೆ ದೂರದ ಸಮ್ಮೇಳನದ ನಿರ್ಣಯ ಜಾರಿಯಾಗುವ ಮುಂಚೆಯೇ ತಲುಪಬೇಕು, ಆಮೇಲಲ್ಲ.

ಇನ್ನು ಹಣದ ಮಾತು. ಸರಕು ಹೋಯಿತು, ಹಣ ಬರಲಿಲ್ಲ ಎಂದಿಟ್ಟುಕೊಳ್ಳಿ. ಮೈಸೂರಿನ ನ್ಯಾಯಾಲಯದಲ್ಲಿ ದಾವೆ ಹೂಡಿ ಡಿಕ್ರಿ ಪಡೆದರೂ ಅದನ್ನು ಹ್ಯಾಂಬರ್ಗಿನಲ್ಲಿ ಜಾರಿ ಮಾಡಿಸುವುದು ಸುಲಭವಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಪರಸ್ಪರರ ಡಿಕ್ರಿಗಳನ್ನು ಮನ್ನಿಸುವ ದೇಶಗಳ ಪಟ್ಟಿಯಲ್ಲಿ ಬ್ರಿಟನ್, ಸಿಂಗಪುರ ಇವೆ, 2020ರಲ್ಲಿ ಯುಎಇ ಸೇರಿತು; ಜರ್ಮನಿ, ಅಮೆರಿಕ ಇಲ್ಲ. ಇತ್ತ ನಿಗದಿತ ಅವಧಿಯೊಳಗೆ ರಫ್ತಿನ ಹಣ ಬಾರದಿದ್ದರೆ ಬ್ಯಾಂಕಿನವರು ರಿಸರ್ವ್ ಬ್ಯಾಂಕಿನ ನಿಯಮ ಹಿಡಿದು ನಮ್ಮವರನ್ನೇ ಕೇಳುತ್ತಾರೆ. ಇಂಥಲ್ಲಿ ಎರಡು ಆಸರೆ. ಒಂದು, ಒಪ್ಪಂದದಲ್ಲೇ ಮಧ್ಯಸ್ಥಿಕೆಯ ಕಲಮು ಸೇರಿಸುವುದು. 1958ರ ನ್ಯೂಯಾರ್ಕ್ ಒಪ್ಪಂದದ ಬಲದಿಂದ ಮಧ್ಯಸ್ಥಗಾರರ ತೀರ್ಪು ಜಗತ್ತಿನ ಬಹುಪಾಲು ದೇಶಗಳಲ್ಲಿ ಜಾರಿಯಾಗುತ್ತದೆ, ಜರ್ಮನಿಯಲ್ಲೂ ಅಮೆರಿಕದಲ್ಲೂ. ಇನ್ನೊಂದು ಚೇಂಬರಿನ ಪತ್ರ. ತನ್ನ ದೇಶದ ವರ್ತಕವಲಯದಲ್ಲಿ ಹೆಸರು ಕೆಡಿಸಿಕೊಳ್ಳಲು ಯಾವ ವ್ಯಾಪಾರಿಯೂ ಇಷ್ಟಪಡುವುದಿಲ್ಲ. ಬಾಕಿ ವಸೂಲಿಗೆ ವಕೀಲರಿಗಿಂತ ಮುಂಚೆ ಚೇಂಬರಿಗೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಒಂದು ಕಟು ಮಾತನ್ನೂ ಹೇಳಬೇಕು. ದ್ವಿಪಕ್ಷೀಯ ಎಂಬ ಹೆಸರಿದ್ದ ಮಾತ್ರಕ್ಕೆ ಎರಡೂ ಪಕ್ಷ ಸಮ ಆಗುವುದಿಲ್ಲ. ಈ ಮಂಡಳಿಗಳಲ್ಲಿ ಹಲವು ನಡೆಯುವುದು ಸದಸ್ಯರ ಶುಲ್ಕ, ಸೇವೆಯ ಶುಲ್ಕದಿಂದ. ಜರ್ಮನ್ ಚೇಂಬರುಗಳಿಗೆ ಅಲ್ಲಿಯ ಸರ್ಕಾರದ ನೆರವೂ ಉಂಟು. ಹಣ ಕೊಡುವ ದೇಶಕ್ಕೆ ತನ್ನ ಯಂತ್ರ, ತನ್ನ ರಾಸಾಯನಿಕ ಭಾರತದಲ್ಲಿ ಮಾರಾಟವಾಗುವುದು ಮುಖ್ಯ. ಅದು ತಪ್ಪಲ್ಲ, ಸ್ವಾಭಾವಿಕ. ಸದಸ್ಯತ್ವದಲ್ಲೂ ದೊಡ್ಡ ಕಂಪನಿಗಳೇ ಮುಂದೆ. ನಂಜನಗೂಡಿನಲ್ಲಿ ಸ್ವಿಟ್ಜರ್ಲೆಂಡಿನ ನೆಸ್ಲೆ ಇದೆ, ಆಸ್ಟ್ರಿಯಾದ ಎಟಿ ಅಂಡ್ ಎಸ್ ಇದೆ. ಮೈಸೂರಿನ ಆಟೊಮೋಟಿವ್ ಆಕ್ಸಲ್ಸ್‌ಗೆ ಅಮೆರಿಕದ ಪಾಲುದಾರರಿದ್ದರು. ಇಂಥವರಿಗೆ ಹೊರದೇಶದ ಕಾನೂನು ಹೇಳಿಕೊಡುವವರು ಅವರ ಕಚೇರಿಯಲ್ಲೇ ಇದ್ದಾರೆ. ಚೇಂಬರಿನ ಅಗತ್ಯ ಕಡಿಮೆ ಇದ್ದವರು ಮುಂದಿನ ಸಾಲಿನಲ್ಲಿದ್ದಾರೆ, ನಿಜಕ್ಕೂ ಬೇಕಾದವರಿಗೆ ಅದರ ವಿಳಾಸವೇ ಗೊತ್ತಿಲ್ಲ. ಈ ಅಂತರ ಮುಚ್ಚುವ ಹೊಣೆ ಚೇಂಬರುಗಳ ಮೇಲೂ ಇದೆ, ನಮ್ಮ ಊರಿನ ಸಂಘಗಳ ಮೇಲೂ ಇದೆ.

ಮೈಸೂರಿನ ಎಲ್ಲ ಸರಕಿಗೂ ಇದು ಬೇಕೆಂದಲ್ಲ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿನ ಮೇಲಿದೆ, ಹೊರಗಿನ ಹಲವು ದೇಶಗಳಿಗೂ ಹೋಗಿದೆ. ಅದನ್ನು ಕೊಳ್ಳುವವರು ಚುನಾವಣಾ ಆಯೋಗಗಳು. ಅಲ್ಲಿ ಬೇಕಾದದ್ದು ಟೆಂಡರು, ರಾಯಭಾರ ಕಚೇರಿ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹೋಗುವುದು ತಂಬಾಕು ಮಂಡಳಿಯ ಹರಾಜುಕಟ್ಟೆಯ ಮೂಲಕ.

ಸರಕಿಗಿಂತ ಹೆಚ್ಚಾಗಿ ಕೈಯ ಕಸುಬು ಗಡಿ ದಾಟಿ ಬಂದ ಉದಾಹರಣೆಗಳೂ ನಮ್ಮ ಊರಿನಲ್ಲಿವೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಚೆಕೊಸ್ಲೊವಾಕಿಯಾದ ಪರವಾನಗಿಯ ಮೇಲೆ ಮೋಟಾರ್ ಸೈಕಲ್ ತಯಾರಾಯಿತು. ಜಾವಾ, ಯೆಜ್ಡಿಗಳು ಊರಿಗೆ ಒಂದು ತಲೆಮಾರಿನ ನುರಿತ ಕೆಲಸಗಾರರನ್ನು ಕೊಟ್ಟವು. ಕಾರ್ಖಾನೆ 1996ರಲ್ಲಿ ಮುಚ್ಚಿತು. ರೇಷ್ಮೆಯಲ್ಲಿ ಜಪಾನಿನ ನಂಟು ಇನ್ನೂ ಆಳವಾದದ್ದು. ಜಮ್‌ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ತೆರೆದ ರೇಷ್ಮೆ ತೋಟಕ್ಕೆ ಜಪಾನಿನ ತಜ್ಞರನ್ನು ಕರೆಸಿದ್ದರು. 1991ರಿಂದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಹಕಾರದಿಂದ ದ್ವಿತಳಿ ರೇಷ್ಮೆಯ ಕೆಲಸ ನಡೆಯಿತು. ಅಲ್ಲಿ ರೂಪುಗೊಂಡ ಸಿಎಸ್‌ಆರ್ ತಳಿಗಳು ರೈತರ ಚಂದ್ರಿಕೆಗೆ ಬಂದವು. ವರ್ಷಗಟ್ಟಲೆ ಜೊತೆಗಿದ್ದು ಕಲಿಸುವ ಇಂಥ ಸಂಬಂಧವನ್ನು ಒಂದು ದಿನದ ಉದ್ಯಮಿಗಳ ಸಮಾವೇಶ ತಂದುಕೊಡಲಾರದು.

ಈಗ ಈ ಮಾತಿಗೆ ತುರ್ತು ಬಂದಿದೆ. 2025ರ ಆಗಸ್ಟ್ 27ರಂದು ಅಮೆರಿಕ ಭಾರತದ ಬಹಳಷ್ಟು ಸರಕುಗಳ ಮೇಲೆ ಒಟ್ಟು ಶೇ 50ರ ಸುಂಕ ಹೇರಿತು. ಒಂದೇ ದೇಶದ ಕೊಳ್ಳುವವರನ್ನು ನಂಬಿದವರ ಪಾಡೇನೆಂಬುದನ್ನು ಗಂಧದ ಕೋಠಿಗಳು ಕಂಡು ಶತಮಾನವೇ ಕಳೆದಿತ್ತು, ಮತ್ತೆ ಕಂಡೆವು. ಅದೇ ಹೊತ್ತಿನಲ್ಲಿ ಬೇರೆ ಬಾಗಿಲುಗಳು ತೆರೆದಿವೆ. ಯುಎಇ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾದ್ದು ಅದೇ ವರ್ಷದ ಡಿಸೆಂಬರಿನಿಂದ ಜಾರಿಯಲ್ಲಿದೆ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಸೇರಿದ ಇಎಫ್‌ಟಿಎ ಗುಂಪಿನ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಬ್ರಿಟನ್ನಿನೊಂದಿಗೆ 2025ರ ಜುಲೈ 24ರಂದು ಸಹಿಯಾಯಿತು. ಪ್ರತಿ ಒಪ್ಪಂದಕ್ಕೂ ಅದರದೇ ಮೂಲನಿಯಮ, ಅದರದೇ ನಮೂನೆ. ದೆಹಲಿಯಲ್ಲಿ ಸಹಿ ಬಿದ್ದ ರಿಯಾಯಿತಿ ಮೈಸೂರಿನ ಶೆಡ್ಡಿಗೆ ತಾನಾಗಿ ನಡೆದು ಬರುವುದಿಲ್ಲ.

ಮೈಸೂರು ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ, ಮೈಸೂರು ಕೈಗಾರಿಕೆಗಳ ಸಂಘ ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ. ಬೆಂಗಳೂರಿನಲ್ಲಿರುವ ದ್ವಿಪಕ್ಷೀಯ ಚೇಂಬರುಗಳ ಅಧಿಕಾರಿಗಳನ್ನು ತಿಂಗಳಿಗೊಂದು ಗೊತ್ತಾದ ದಿನ ಮೈಸೂರಿಗೆ ಕರೆಸಿ. ಭಾಷಣಕ್ಕಲ್ಲ, ಒಂದು ಮೇಜು, ಎರಡು ಕುರ್ಚಿ ಹಾಕಿ ಒಬ್ಬೊಬ್ಬ ಉದ್ಯಮಿಯ ಕಡತ ನೋಡುವುದಕ್ಕೆ. ಕನ್ನಡದಲ್ಲಿ ವಿವರಿಸುವ ಒಬ್ಬರು ಜೊತೆಗಿರಲಿ. ಆಹಾರಪದಾರ್ಥದ ಪರೀಕ್ಷೆಗೆ 1950ರಿಂದ ಚೆಲುವಾಂಬ ಮಹಲಿನಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಮ್ಮಲ್ಲೇ ಇದೆ. ಚಾಮರಾಜೇಂದ್ರ ಒಡೆಯರು 1880ರಲ್ಲಿ ಶುರುಮಾಡಿದ ದಸರಾ ವಸ್ತುಪ್ರದರ್ಶನವೂ ನಮ್ಮ ಸರಕನ್ನು ಹೊರಗಿನವರಿಗೆ ತೋರಿಸುವ ಜಾಗವಾಗಬಲ್ಲದು. ದಸರಾ ನೋಡಲು ಬರುವ ವಿದೇಶಿಯರ ನಡುವೆ ವಿದೇಶಿ ಖರೀದಿದಾರರೂ ಇರಲಿ, ಅವರಿಗೊಂದು ಪ್ರತ್ಯೇಕ ಅಂಕಣ ಇರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ.

ಕೊನೆಗೆ, ರಫ್ತಿನ ಮೊದಲ ಆರ್ಡರಿಗಾಗಿ ಕಾಯುತ್ತಿರುವ ಓದುಗರಿಗೆ ಒಂದು ಮಾತು. ಇಮೇಲ್ ಬಂದ ಕೂಡಲೇ ಸರಕು ಕಟ್ಟಬೇಡಿ. ಆ ದೇಶದ ಚೇಂಬರಿಗೆ ಬರೆದು ಕೊಳ್ಳುವವರ ವಿಚಾರ ಕೇಳಿ, ಲೇಬಲ್ಲಿನ ನಿಯಮ ಕೇಳಿ. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಕಲಮು ಹಾಕಿಸಿ. 1957ರಿಂದ ರಫ್ತುದಾರರ ಹಣಕ್ಕೆ ವಿಮೆ ಕೊಡುತ್ತಿರುವ ಇಸಿಜಿಸಿಯ ಕಚೇರಿಗೊಮ್ಮೆ ಹೋಗಿ ಬನ್ನಿ. ಸದಸ್ಯತ್ವದ ಶುಲ್ಕ ಹೆಚ್ಚೆನಿಸಿದರೆ ನಾಲ್ಕಾರು ಘಟಕಗಳು ಸೇರಿ ನಿಮ್ಮ ಸಂಘದ ಹೆಸರಿನಲ್ಲಿ ಕೇಳಿ. ಕೊಡುವುದಿಲ್ಲವೆಂದರೆ ಮತ್ತೆ ಕೇಳಿ.